ತೋಟಕ್ಕೆ ವಾರದ ರಜ

ನನ್ನ ಕಾಲಿಗೆ ಚಕ್ರ ಕಟ್ಟಿದೆ ಎಂದು ಅಮ್ಮ ಮನೆಗೆ ಬಂದವರೆದುರೆಲ್ಲ ಹೇಳುತ್ತಿದ್ದಳು. ಅದು ಹೊಗಳಿಕೆಯಲ್ಲ. ಅನ್ನಕ್ಕಿಟ್ಟರೆ ಬೇಯುವ ಮೊದಲೇ ಹತ್ತು ಸಲ ಮುಚ್ಚಳ ತೆಗೆದು ನೋಡುವವಳು ನಾನು. ಹಾಲಿಗೆ ಹೆಪ್ಪು ಹಾಕಿದರೆ ಗಳಿಗೆಗೊಮ್ಮೆ ಪಾತ್ರೆ ಅಲುಗಿಸಿ ಮೊಸರು ಕೆಡಿಸುತ್ತಿದ್ದೆ. ಕಾಯುವುದೆಂದರೆ ನನಗೆ ಮೈಮೇಲೆ ಇರುವೆ ಹರಿದ ಹಾಗೆ. ಇಂಥವಳು ಮಕ್ಕಳ ಕೈಲಿ ತರಕಾರಿ ತೋಟ ಮಾಡಿಸುತ್ತೇನೆಂದು ಹೊರಟಾಗ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕದ್ದರಲ್ಲಿ ತಪ್ಪೇನಿರಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮನೆ ಶಿವಮೊಗ್ಗದಲ್ಲಿ, ಕೆಲಸ ಭದ್ರಾವತಿಯಲ್ಲಿ, ಜನ್ನಾಪುರದ ಕಡೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ವಾಪಸ್ಸು ಬರುತ್ತಿದ್ದೆ. ಸಿಗ್ನಲ್ ಸಿಗದೆ ರೈಲು ನಿಂತರೆ ಇಳಿದು ತಳ್ಳಿಬಿಡಲೇ ಅನ್ನಿಸುತ್ತಿತ್ತು. ಭದ್ರಾವತಿ ಆಗ ಸೈರನ್ನಿನ ಊರು. ಕಬ್ಬಿಣದ ಕಾರ್ಖಾನೆಯಲ್ಲಿ ಸೈರನ್ ಕೂಗಿದರೆ ಒಂದು ಪಾಳಿಯವರು ಸೈಕಲ್ ತುಳಿಯುತ್ತ ಒಳಗೆ ಹೋಗುತ್ತಿದ್ದರು, ಇನ್ನೊಂದು ಪಾಳಿಯವರು ಮಸಿ ಮುಖ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ಮನೆಗಳ ಅಡುಗೆ, ನಿದ್ದೆ, ಗಂಡ ಹೆಂಡಿರ ಜಗಳ ಎಲ್ಲವೂ ಆ ಕೂಗಿನ ಪ್ರಕಾರವೇ. ನನಗೆ ಆ ಊರು ಹಿಡಿಸಿತ್ತು. ಅಲ್ಲಿ ಯಾರೂ ಸುಮ್ಮನೆ ಕೂತದ್ದು ಕಾಣುತ್ತಿರಲಿಲ್ಲ.

ಒಂದು ದಿನ ಐದನೇ ಕ್ಲಾಸಿನ ಮಕ್ಕಳಿಗೆ ಸ್ಲೇಟಿನ ಮೇಲೆ ಒಂದು ಮರ ಬರೆಯಿರಿ ಎಂದೆ. ಬರೆದರು. ನೆಟ್ಟಗೆ ಎರಡು ಗೆರೆ, ನಡುವೆ ಅಡ್ಡಪಟ್ಟಿಗಳು, ತುದಿಯಲ್ಲಿ ಉಂಗುರ ಉಂಗುರ ಎಲೆ. ನೋಡಿದರೆ ಕಾರ್ಖಾನೆಯ ಚಿಮಣಿ, ಅದರ ಮೇಲೆ ಹೊಗೆ! ಒಂದಿಬ್ಬರದಲ್ಲ, ಸುಮಾರು ಜನರದ್ದು ಹಾಗೇ ಇತ್ತು. ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಒಂದಕ್ಕೊಂದು ಅಂಟಿದ ಲೈನು ಮನೆಗಳಲ್ಲಿ ಬೆಳೆಯುವ ಮಕ್ಕಳು, ಹಿತ್ತಿಲೆಂಬುದೇ ಇಲ್ಲ. ನೀರೊಲೆಯ ಬೂದಿ ಚೆಲ್ಲಲು ಜಾಗವಿಲ್ಲದವರು ಗಿಡ ಎಲ್ಲಿ ನೆಡಬೇಕು? ಅವತ್ತು ಸಂಜೆ ರೈಲಿನಲ್ಲಿ ಕೂತದ್ದೇ ನನ್ನ ತಲೆಯೊಳಗೆ ಹುಳ ಹೊಕ್ಕಿತು.

ಶಾಲೆಯ ಪಕ್ಕದಲ್ಲಿ ಒಂದು ತುಂಡು ಜಾಗವಿತ್ತು. ಯಾವ ಕಾಲದಲ್ಲೋ ಯಾರೋ ಅಲ್ಲಿನ ತಗ್ಗು ಮುಚ್ಚಲು ಕುಲುಮೆಯ ಕಿಟ್ಟ, ಬೂದಿ, ಇದ್ದಿಲ ಪುಡಿ ತಂದು ಸುರಿದಿದ್ದರು. ಮಳೆಗೆ, ಕಾಲ್ತುಳಿತಕ್ಕೆ ಅದು ಗಟ್ಟಿಯಾಗಿ ನೆಲವೇ ಆಗಿಬಿಟ್ಟಿತ್ತು. ಅಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ನಾನು ಮರುದಿನ ಪ್ರಾರ್ಥನೆಗೂ ಮುಂಚೆ ಹೆಡ್ಮೇಷ್ಟ್ರ ಎದುರು ನಿಂತೆ. ಅವರು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಯವರು. ಕ್ಲೋಸ್ ಕೋಟು, ಬಾಯಲ್ಲಿ ಸದಾ ಎಲೆಯಡಿಕೆ. ತೋಟ ಎಂಬ ಮಾತಿಗೆ ಅವರ ಮನಸ್ಸಿನಲ್ಲಿದ್ದ ಚಿತ್ರವೇ ಬೇರೆ.

"ಅಲ್ಲ ಮಾರಾಯ್ತಿ, ಆ ಬೂದಿ ಜಾಗದಲ್ಲಿ ಏನು ಬೆಳೀತೀಯ? ಸುಣ್ಣವೋ, ಹೊಗೆಸೊಪ್ಪೋ?" ಎಂದು ನಕ್ಕರು.

"ಬದನೆ, ಬೆಂಡೆ, ಮೆಣಸಿನಕಾಯಿ ಸಾರ್. ಮಕ್ಕಳೇ ಬೆಳೀತಾರೆ."

ಅವರು ನಗು ನಿಲ್ಲಿಸಿ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ತಳ್ಳಿದರು. "ನೋಡಮ್ಮ, ಸುಮ್ಮನೆ ಆಸೆ ಇಟ್ಕೋಬೇಡ. ಆ ಜಾಗ ಸೈಕಲ್ ಸ್ಟ್ಯಾಂಡಿಗೆ ಬೇಕು ಅಂತ ಕಮಿಟಿಯವರು ಕೂತಿದ್ದಾರೆ. ಬೇಸಿಗೆ ರಜಕ್ಕೆ ಮುಂಚೆ ಇನ್‌ಸ್ಪೆಕ್ಟರು ಬರ್ತಾರೆ. ಅವತ್ತು ಅಲ್ಲಿ ಹಸುರು ಕಂಡ್ರೆ ಮಕ್ಕಳಿಗೆ ಇರ್ಲಿ ಅಂತ ನಾನೇ ಹೇಳ್ತೀನಿ. ಬೂದಿ ಕಂಡ್ರೆ ಸೈಕಲ್ಲು. ಆಮೇಲೆ ನನ್ನ ಹತ್ರ ಅಳಬಾರ್ದು."

ಅಷ್ಟು ಸಾಕಾಗಿತ್ತು ನನಗೆ. ಆ ಹೊತ್ತಿನಿಂದ ಇನ್‌ಸ್ಪೆಕ್ಟರು ಬರುವವರೆಗೆ ನನಗೆ ನೆಮ್ಮದಿಯೆಂಬುದು ಇರಲಿಲ್ಲ.

ಬೂದಿಯ ಮೇಲೆ ಹಾಕಲು ಮಣ್ಣು ಬೇಕು. ಮಕ್ಕಳು ಊರಿಗೆ ಹೋದವರು ಚೀಲದಲ್ಲಿ, ಟವೆಲಿನ ಗಂಟಿನಲ್ಲಿ, ಒಬ್ಬನಂತೂ ಅಪ್ಪನ ಬುತ್ತಿ ಕ್ಯಾರಿಯರಿನಲ್ಲಿ ಮಣ್ಣು ತಂದರು. ಕ್ಯಾರಿಯರಿನಲ್ಲಿ ತಂದವನಿಗೆ ಮನೆಯಲ್ಲಿ ಏಟು ಬಿತ್ತು. ನಾನೂ ನಮ್ಮ ಹಿತ್ತಿಲಿನ ಮಣ್ಣನ್ನು ದಿನಾ ಒಂದು ಕೈಚೀಲ ತುಂಬಿಕೊಂಡು ರೈಲು ಹತ್ತುತ್ತಿದ್ದೆ. ಟಿಕೆಟ್ ನೋಡುವವರು ಒಂದು ಬೆಳಿಗ್ಗೆ ಚೀಲ ಎತ್ತಿ ನೋಡಿ, "ಏನಮ್ಮಾ ಇದು, ಇಷ್ಟು ಭಾರ? ಅಕ್ಕಿ ಸಾಗಿಸ್ತಿದೀರಾ?" ಎಂದರು. "ಮಣ್ಣು" ಎಂದೆ. ಚೀಲದ ಬಾಯಿ ಬಿಚ್ಚಿ ನೋಡಿ ಮುಂದೆ ಹೋದರು. ಅಂದಿನಿಂದ ನನ್ನನ್ನು ಕಂಡರೆ ದಾರಿ ಬಿಡುತ್ತಿದ್ದರು. ಹುಚ್ಚಿ ಅಂದುಕೊಂಡಿರಬೇಕು. ಕುಂಸಿಯಿಂದ ಸೋದರಮಾವ ಒಣ ಗೊಬ್ಬರವನ್ನೂ ಬದನೆ, ಮೆಣಸಿನ ಸಸಿಗಳನ್ನೂ ಬಸ್ಸಿನ ಟಾಪಿನ ಮೇಲೆ ಹಾಕಿ ಕಳಿಸಿದ. ಅಂತೂ ಗಟ್ಟಿ ಬೂದಿಯ ಮೇಲೆ ಒಂದು ಗೇಣು ದಪ್ಪ ಮಣ್ಣು ಬಿತ್ತು. ಮಡಿ ಮಾಡಿದೆವು. ಬದನೆ, ಮೆಣಸು ನೆಟ್ಟೆವು, ಬೆಂಡೆ ಬಿತ್ತಿದೆವು.

ಈ ಕೆಲಸಕ್ಕೆ ಮುಂದಾಳು ನಾನಲ್ಲ, ಅದೇ ಕ್ಲಾಸಿನ ಒಬ್ಬಳು ಹುಡುಗಿ. ಸಣಕಲಿ, ಎರಡು ಬಿಗಿ ಜಡೆ, ಮನೆಯಲ್ಲಿ ತಮಿಳು, ಹೊರಗೆ ಗಡಿಬಿಡಿಯ ಕನ್ನಡ. ಅವಳ ಅಪ್ಪ ಕುಲುಮೆಯ ಹತ್ತಿರ ಕೆಲಸ ಮಾಡುವವರು. ಅವಳ ಮಾತಿನಲ್ಲಿ ಅಪ್ಪ ಮತ್ತು ಫರ್ನೇಸು ಬಾರದೆ ಒಂದು ವಾಕ್ಯವೂ ಮುಗಿಯುತ್ತಿರಲಿಲ್ಲ. ನೀರು ಹಾಕುವ ಕೆಲಸ ನಾನು ನೋಡ್ಕೋತೀನಿ ಮಿಸ್ ಎಂದು ಅವಳು ತಾನಾಗಿ ಹೇಳಿದಳು. ಎಣ್ಣೆ ಡಬ್ಬಗಳ ಮೇಲಂಚಿಗೆ ಯಾರ ಅಪ್ಪನೋ ಸಣ್ಣ ತೂತು ಹೊಡೆದುಕೊಟ್ಟಿದ್ದ, ಬಗ್ಗಿಸಿದರೆ ನೀರು ಮಳೆಯ ಹಾಗೆ ಬೀಳುತ್ತಿತ್ತು. ನಾನು ಬೆಳಿಗ್ಗೆ ಒಂದು ಹೊತ್ತು ಹಾಕಿ ಎಂದು ಹೇಳಿದೆ. ಅವಳು ತಲೆಯಾಡಿಸಿದಳು.

ಮೊದಲು ಎಲ್ಲ ಚೆನ್ನಾಗಿತ್ತು. ಬೆಂಡೆ ಮೊಳೆಯಿತು. ಮಕ್ಕಳು ಕ್ಲಾಸು ಬಿಟ್ಟು ಕಿಟಕಿಗೆ ಮುತ್ತಿಕೊಂಡರು. ನಾನೂ ಮುತ್ತಿಕೊಂಡೆ. ಆಮೇಲೆ ಎಲೆಗಳು ಹಳದಿಯಾಗತೊಡಗಿದವು. ಬದನೆ ಸಸಿಗಳು ಸೋತು ತಲೆ ಬಗ್ಗಿಸಿದವು. ಮೆಣಸಿನ ಗಿಡ ಒಂದೊಂದಾಗಿ ಸಾಯುತ್ತ ಬಂತು. ಮಣ್ಣು ಸಾಲದೇನೋ ಎಂದು ಇನ್ನಷ್ಟು ಹೊತ್ತು ತಂದೆ. ಗೊಬ್ಬರ ಹಾಕಿಸಿದೆ. ಹುಳು ಹುಡುಕಿದೆ. ಹೆಡ್ಮೇಷ್ಟ್ರು ಅತ್ತ ಹಾಯುವಾಗಲೆಲ್ಲ "ಏನಂತಮ್ಮಾ ನಿನ್ನ ಬೂದಿ ಜಾಗ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋಗುತ್ತಿದ್ದರು. ಕಮಿಟಿಯ ಒಬ್ಬರು ಬಂದು ಜಾಗದ ಉದ್ದಗಲ ಹೆಜ್ಜೆಯಲ್ಲಿ ಅಳೆದು ನೋಡಿದರು, ನಮ್ಮ ಮಡಿಯನ್ನೂ ತುಳಿದುಕೊಂಡೇ. ನನ್ನ ಮೈ ಉರಿಯಿತು.

ಆ ಭಾನುವಾರ ಮನೆಯಲ್ಲಿ ಕೂರಲಾಗಲಿಲ್ಲ. ಹಪ್ಪಳ ಒತ್ತಲು ಕರೆದ ಅಮ್ಮನಿಗೆ ಏನೋ ನೆಪ ಹೇಳಿ ಭದ್ರಾವತಿ ಬಸ್ಸು ಹತ್ತಿದೆ. "ರಜದ ದಿನವೂ ನಿನಗೆ ರಜ ಇಲ್ವೇನೇ?" ಎಂದು ಅಮ್ಮ ಬಾಗಿಲವರೆಗೂ ಬೈದಳು.

ಶಾಲೆ ಮುಚ್ಚಿತ್ತು. ತೋಟಕ್ಕೆ ಕಾಲಿಟ್ಟರೆ ಚಪ್ಪಲಿ ಕೆಸರಿನಲ್ಲಿ ಹೂತುಹೋಯಿತು. ನಡು ಮಧ್ಯಾಹ್ನ, ಬಿಸಿಲು ಸುಡುತ್ತಿದೆ, ಇಲ್ಲಿ ಮಾತ್ರ ಗದ್ದೆಯ ಹಾಗೆ ಕೆಸರು. ಯಾರಾದರೂ ನಲ್ಲಿ ಬಿಟ್ಟುಹೋದರೋ ಎಂದು ನೋಡುತ್ತಿರುವಾಗ ಎರಡು ಗಂಟೆಯ ಸೈರನ್ ಕೂಗಿತು. ಕೂಗು ಮುಗಿಯುವ ಮೊದಲೇ ಲೈನು ಮನೆಗಳ ಸಂದಿಯಿಂದ ನನ್ನ ಕ್ಲಾಸಿನ ಮಕ್ಕಳು ಡಬ್ಬ, ಕೊಡ, ಚೊಂಬು ಹಿಡಿದು ಓಡಿ ಬಂದರು. ಸಾಲಾಗಿ ನಿಂತರು. ಮುಂದೆ ಆ ಹುಡುಗಿ. ನನ್ನನ್ನು ಕಂಡು ಹಿಗ್ಗಿಹೋದಳು.

"ಮಿಸ್! ನೀವೂ ಶಿಫ್ಟಿಗೆ ಬಂದ್ರಾ?"

"ಯಾವ ಶಿಫ್ಟೇ?"

"ಇದು ಎರಡನೇ ಪಾಳಿ ಮಿಸ್. ಬೆಳಿಗ್ಗೆ ಪಾಳಿಯವ್ರು ಆರು ಗಂಟೆ ಸೈರನ್ನಿಗೆ ಹಾಕಿ ಹೋದ್ರು. ಶಾಲೆ ಇದ್ದ ದಿನಾನೂ ಊಟದ ಬಿಡುವಲ್ಲಿ ಈ ಸೈರನ್ನಿಗೇ ಹಾಕ್ತೀವಿ, ನೀವು ಒಳಗೆ ಊಟ ಮಾಡ್ತಿರ್ತೀರಲ್ಲ. ರಾತ್ರಿ ಪಾಳಿಯವ್ರು ದೀಪ ಹಚ್ಚೋ ಹೊತ್ತಿಗೇ ಮುಗಿಸ್ತಾರೆ, ಇಲ್ದಿದ್ರೆ ಮನೇಲಿ ಬೈತಾರೆ."

ನಾನು ಕೆಸರಿನಲ್ಲೇ ನಿಂತೆ. ಬೆಳಿಗ್ಗೆ ಒಂದು ಹೊತ್ತು ಎಂದು ಹೇಳಿದ್ದೆನಲ್ಲ ಎಂದು ಕೇಳಿದೆ.

"ಹೇಳಿದ್ರಿ ಮಿಸ್. ಆದ್ರೆ ಅಪ್ಪ ಹೇಳ್ತಾರೆ, ಫರ್ನೇಸು ಹಗಲೂ ರಾತ್ರಿ ಉರೀತಾನೇ ಇರ್ಬೇಕು. ಒಂದು ಪಾಳಿ ಕೈ ಬಿಟ್ರೂ ಒಳಗಿರೋದೆಲ್ಲ ಗಟ್ಟಿಯಾಗಿ ಫರ್ನೇಸೇ ಹೋಗ್ಬಿಡತ್ತೆ ಅಂತ. ಅದಕ್ಕೆ ನಾವೂ ನಿಲ್ಲಿಸ್ಲಿಲ್ಲ. ಒಂದು ದಿನಾನೂ ನಿಲ್ಲಿಸ್ಲಿಲ್ಲ ಮಿಸ್."

ಅವಳ ಮುಖದಲ್ಲಿ ಇದ್ದದ್ದು ಹೆಮ್ಮೆ. ನಾನು ಬಗ್ಗಿ ಒಂದು ಮೆಣಸಿನ ಗಿಡ ಕಿತ್ತೆ. ಎಳೆಯುವುದೇ ಬೇಕಾಗಲಿಲ್ಲ, ಕೈಗೆ ಬಂತು. ಬೇರು ಕಪ್ಪಾಗಿ, ಲೋಳೆಯಾಗಿ ಕೊಳೆತು ನಾರುತ್ತಿತ್ತು. ಕೆಳಗೆ ಗಟ್ಟಿ ಬೂದಿ, ನೀರು ಇಂಗಲು ದಾರಿಯಿಲ್ಲ, ಮೇಲೆ ಮೂರು ಪಾಳಿಯ ನೀರು. ಗಿಡ ಕುಡಿದು ಕುಡಿದು ಸತ್ತಿತ್ತು. ಮಕ್ಕಳಿಗೆ ಬೇರು ತೋರಿಸಿದೆ, ನೀರು ಹೆಚ್ಚಾಗಿದೆ ಎಂದೆ. ಆ ಹುಡುಗಿ ಗಿಡವನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಸಿ ನೋಡಿದಳು.

"ನಾವೇ ಕೊಂದ್ವಾ ಮಿಸ್?"

ಅವಳು ಅತ್ತಳು. ಬಿಕ್ಕಳಿಸಿ, ತಮಿಳಿನಲ್ಲಿ ಏನೇನೋ ಹೇಳಿಕೊಂಡು, ಡಬ್ಬವನ್ನು ಎದೆಗವಚಿಕೊಂಡು ಅತ್ತಳು. ನನಗೂ ಕಣ್ಣು ತುಂಬಿತು. ಬರೀ ಪ್ರೀತಿಯಿಂದ, ಶ್ರದ್ಧೆಯಿಂದ, ಒಂದು ಹೊತ್ತೂ ತಪ್ಪಿಸದೆ ಮಾಡಿದ್ದು ಇದು. ಯಾರನ್ನು ಬೈಯುವುದು?

ನಾಳೆಯಿಂದ ನೀರು ಬೇಡ ಎಂದೆ. ಅವಳು ಗಾಬರಿಯಾಗಿ ಮೂಗು ಒರೆಸಿಕೊಂಡಳು. "ನಿಲ್ಲಿಸಿದ್ರೆ ಉಳಿದಿರೋದೂ ಸಾಯಲ್ವಾ ಮಿಸ್?"

"ನಿಮ್ಮಪ್ಪನಿಗೆ ವಾರದ ರಜ ಇಲ್ವೇನೇ?"

"ಇದೆ."

"ಅವತ್ತು ಏನು ಮಾಡ್ತಾರೆ?"

"ಮಲಗ್ತಾರೆ. ಎಬ್ಬಿಸಿದ್ರೆ ಬೈತಾರೆ."

"ಗಿಡಾನೂ ಮಲಗ್ಲಿ ಬಿಡು. ನಾವು ಎಬ್ಬಿಸೋದು ಬೇಡ."

ಇದು ಅವಳಿಗೆ ಹಿಡಿಸಿತು. ಉಳಿದವರಿಗೂ ಹಿಡಿಸಿತು. ಮಣ್ಣಿಗೆ ಬೆರಳಿನ ಎರಡು ಗಿಣ್ಣು ಇಳಿಸಿ ನೋಡುವುದು, ತೇವ ಅಂಟಿದರೆ ರಜ, ಒಣಗಿದ್ದರೆ ಡ್ಯೂಟಿ ಎಂದು ಗೊತ್ತುಮಾಡಿದೆವು. ಬೆರಳಿಡುವ ಅಧಿಕಾರ ಅವಳದು. ಹೆಡ್ಮೇಷ್ಟ್ರಿಗೆ ಸೋಮವಾರ ವಿಷಯ ತಿಳಿದಾಗ ನಗುತ್ತಾರೆಂದುಕೊಂಡಿದ್ದೆ. ಅವರು ಬಂದು ಮಡಿ ನೋಡಿ ಗದರಿದರು. "ಬಸಿಗಾಲುವೆ ಎಲ್ಲಮ್ಮಾ? ಕಾಲುವೆ ಇಲ್ದೆ ನೀರು ಎಲ್ಲಿಗೆ ಹೋಗ್ಬೇಕು, ನಿನ್ನ ತಲೆಗಾ? ನಮ್ಮೂರಲ್ಲಿ ಇಂಥ ಕೆಲಸ ಮಾಡಿದ್ರೆ ಅಡಿಕೆ ಮರ ಒಂದೂ ಉಳಿಯಲ್ಲ." ಅಷ್ಟು ಹೇಳಿ ಹಾರೆ ತರಿಸಿಕೊಟ್ಟರು. ಸಾಲುಗಳ ನಡುವೆ ಗಟ್ಟಿ ಬೂದಿಯನ್ನು ಅಗೆದು ರಸ್ತೆಯ ಕಡೆಗೆ ನೀರು ಇಳಿಯುವ ಹಾಗೆ ಮಾಡಿದೆವು.

ಅಲ್ಲಿಂದ ಮುಂದಿನದು ನನ್ನ ಜನ್ಮದಲ್ಲೇ ಕಷ್ಟದ ಕೆಲಸ. ಏನೂ ಮಾಡದೆ ಇರುವುದು. ಬೆಳಿಗ್ಗೆ ಬಂದು ನೋಡುತ್ತೇನೆ, ಮಣ್ಣಿನ ಮೇಲ್ಮೈ ಒಣಗಿ ಬಿಳಿಚಿ ಬಿರುಕು ಬಿಡುತ್ತಿದೆ. ಗಿಡಗಳು ಅಲ್ಲಾಡದೆ ನಿಂತಿವೆ, ಬದುಕಿದೆವೆಂದೂ ಹೇಳುವುದಿಲ್ಲ, ಸತ್ತೆವೆಂದೂ ಹೇಳುವುದಿಲ್ಲ. ಕೈ ತುರಿಸುತ್ತಿತ್ತು. ಪಾಠದ ನಡುವೆ ಎದ್ದು ಹೋಗಿ ನೋಡಿ ಬರುತ್ತಿದ್ದೆ. ಹುಡುಗಿ ಬೆರಳಿಟ್ಟು, ಮುಖ ಗಂಭೀರ ಮಾಡಿಕೊಂಡು, "ರಜ ಮಿಸ್" ಎನ್ನುತ್ತಿದ್ದಳು. ಎಷ್ಟೋ ಸಲ ಅವಳಿಗೆ ತಿಳಿಯದಂತೆ ಒಂದು ಚೊಂಬು ನೀರು ಹೊಯ್ದುಬಿಡಲೇ ಅನ್ನಿಸಿತ್ತು.

ಮೆಣಸಿನ ಸಾಲು ಪೂರ್ತಿ ಹೋಯಿತು. ಅಲ್ಲಿ ಬರಿಮಣ್ಣು ಉಳಿಯಿತು. ಬೆಂಡೆ ನಿಧಾನವಾಗಿ ಬಣ್ಣ ತಿರುಗಿತು. ಬದನೆಯಲ್ಲಿ ಕೆಲವು ಚಿಗುರಿದವು. ದೂರದಿಂದ ನೋಡಿದರೆ ಹಸುರು ಕಾಣುತ್ತಿತ್ತು, ಹತ್ತಿರದಿಂದ ನೋಡಿದರೆ ತೇಪೆ ಹಾಕಿದ ಹಳೇ ಕಂಬಳಿ. ಇಷ್ಟರಲ್ಲಿ ಇನ್‌ಸ್ಪೆಕ್ಟರು ಬರುವ ದಿನ ಗೊತ್ತಾಯಿತು.

ಆ ಬೆಳಿಗ್ಗೆ ಹೆಡ್ಮೇಷ್ಟ್ರು ಇಸ್ತ್ರಿ ಮಾಡಿದ ಕೋಟಿನಲ್ಲಿ ತೋಟದ ಅಂಚಿಗೆ ಬಂದು ನಿಂತರು. ಮುಖ ಹುಳ್ಳಗಾಯಿತು. "ಅಯ್ಯೋ, ಇದೇನಮ್ಮಾ ಹೀಗೆ ಒಣಕಲು ಕಾಣ್ತಾ ಇದೆ? ಒಂದಿಷ್ಟು ನೀರು ಚಿಮುಕಿಸು, ಮಣ್ಣು ಕಪ್ಪಗೆ ಕಾಣ್ಲಿ. ನೋಡೋರ ಕಣ್ಣಿಗಾದ್ರೂ ಬೇಕಲ್ಲ." ನಾನು ಬೇಡ ಸಾರ್ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅವರು ಹೋದದ್ದೇ ಡಬ್ಬಕ್ಕೆ ನೀರು ತುಂಬಿ ಎತ್ತಿಕೊಂಡೆ. ಹಿಂದೆ ತಿರುಗಿದರೆ ಹುಡುಗಿ. ನನ್ನ ಮುಖ ನೋಡುತ್ತ ಎರಡೂ ಕೈ ಚಾಚಿದಳು. ಕೊಟ್ಟುಬಿಟ್ಟೆ.

ಇನ್‌ಸ್ಪೆಕ್ಟರು ದಪ್ಪ ಮನುಷ್ಯ, ಬಿಸಿಲಿಗೆ ಕೆಂಪಾಗಿದ್ದರು. ಕ್ಲಾಸುಗಳನ್ನು ನೋಡಿ, ಮಗ್ಗಿ ಹೇಳಿಸಿ, ಊಟ ಮುಗಿಸಿ ತೋಟಕ್ಕೆ ಬಂದರು. ಕಮಿಟಿಯವರೂ ಹಿಂದೆಯೇ ಬಂದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದೆ. ಇನ್‌ಸ್ಪೆಕ್ಟರು ಬಿರುಕು ಬಿಟ್ಟ ಮಣ್ಣು ನೋಡಿ "ಚ್ಚು ಚ್ಚು" ಎಂದರು. "ಪಾಪ, ಬಾಯಾರಿದೆ ಇವಕ್ಕೆ. ಎಲ್ಲಿ ಕೊಡಿ, ನನ್ನ ಕೈಯಿಂದಲೇ ಆಗ್ಲಿ" ಎಂದು ತುಂಬಿಟ್ಟಿದ್ದ ಡಬ್ಬ ಎತ್ತಿಕೊಂಡರು. ದೊಡ್ಡವರು ಗಿಡಕ್ಕೆ ನೀರೆರೆಯುವುದು ಮರ್ಯಾದೆಯ ಸಂಗತಿ, ಚಪ್ಪಾಳೆ ತಟ್ಟಲು ನಮ್ಮ ಕೈಗಳೂ ಮೇಲೆದ್ದವು. ಅಷ್ಟರಲ್ಲಿ ಆ ಹುಡುಗಿ ಸಾಲಿನಿಂದ ಹೊರಗೆ ಬಂದು ಬದನೆ ಗಿಡದ ಮುಂದೆ ನಿಂತಳು.

"ಬೇಡ ಸಾರ್. ಇವತ್ತು ರಜ."

ಹೆಡ್ಮೇಷ್ಟ್ರು ಎಲೆಯಡಿಕೆ ನುಂಗಿಕೊಂಡರು. ಒಂದು ಮಾತು ಗದರಿದ್ದರೆ ಅವಳು ಸರಿದು ನಿಲ್ಲುತ್ತಿದ್ದಳು, ಎಲ್ಲ ಸುಸೂತ್ರ ಮುಗಿಯುತ್ತಿತ್ತು, ಇನ್‌ಸ್ಪೆಕ್ಟರೂ ಖುಷಿಯಾಗುತ್ತಿದ್ದರು. ಗದರುವುದರಲ್ಲಿ ನಾನೆಂದೂ ಹಿಂದೆ ಬಿದ್ದವಳಲ್ಲ. ಅವತ್ತು ಮಾತ್ರ ಹಲ್ಲು ಕಚ್ಚಿ ಸುಮ್ಮನೆ ನಿಂತೆ.

"ರಜಾನಾ? ಯಾರಿಗಮ್ಮಾ ರಜ?"

"ಗಿಡಕ್ಕೆ ಸಾರ್. ಮೇಲೆ ಒಣಗಿರತ್ತೆ, ಒಳಗೆ ಇಲ್ಲ. ಬೆರಳಿಟ್ಟು ನೋಡಿ ಸಾರ್."

ಅದೇ ಹೊತ್ತಿಗೆ ಎರಡು ಗಂಟೆಯ ಸೈರನ್ ಕೂಗಿತು. ಸಾಲಿನಲ್ಲಿದ್ದ ಎರಡನೇ ಪಾಳಿಯ ಮಕ್ಕಳ ಕಾಲುಗಳು ತಾವಾಗಿ ನಲ್ಲಿಯ ಕಡೆ ಹೊರಳಿದವು. ಹುಡುಗಿ ಹಿಂತಿರುಗಿಯೂ ನೋಡದೆ ಒಂದು ಕೈ ಎತ್ತಿದಳು. ಕಾಲುಗಳು ನಿಂತವು. ಕೂಗು ಮುಗಿಯುವವರೆಗೂ ಯಾರೂ ಅಲುಗಲಿಲ್ಲ.

ಇನ್‌ಸ್ಪೆಕ್ಟರು ಮಕ್ಕಳನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಏದುಸಿರು ಬಿಡುತ್ತ ಕುಕ್ಕರುಗಾಲಿನಲ್ಲಿ ಕೂತು ಬೆರಳನ್ನು ಮಣ್ಣಿಗೆ ಇಳಿಸಿದರು. ಹೊರಗೆ ತೆಗೆದಾಗ ತುದಿಗೆ ಒದ್ದೆ ಮಣ್ಣು ಮೆತ್ತಿತ್ತು. ಅದನ್ನು ಎರಡು ಬೆರಳ ನಡುವೆ ಹೊಸಕಿ ನೋಡಿದರು. ಮೊದಲು ಇಲ್ಲಿ ಏನಿತ್ತು ಎಂದು ಕೇಳಿದರು. ಬೂದಿ ಸಾರ್ ಎಂದು ಮಕ್ಕಳು ಒಟ್ಟಿಗೆ ಕೂಗಿದರು. ಇನ್‌ಸ್ಪೆಕ್ಟರು ಎದ್ದು, ಡಬ್ಬವನ್ನು ಹೆಡ್ಮೇಷ್ಟ್ರ ಕೈಗೆ ಕೊಟ್ಟು, "ಒಳಗಿಡಿಸಿ ಮೇಷ್ಟ್ರೇ, ಇವತ್ತು ರಜವಂತೆ" ಎಂದರು. ಹೆಡ್ಮೇಷ್ಟ್ರು ಇಸ್ತ್ರಿ ಕೋಟಿನ ಮೇಲೆ ನೀರು ತೊಟ್ಟಿಕ್ಕುತ್ತಿದ್ದ ಡಬ್ಬವನ್ನು ಹಿಡಿದುಕೊಂಡೇ ಅವರನ್ನು ಗೇಟಿನವರೆಗೆ ಬಿಟ್ಟು ಬಂದರು.

ಸಂಜೆ ಬೆಲ್ಲು ಹೊಡೆದ ಮೇಲೆ ನನ್ನನ್ನು ಕರೆಸಿದರು. ಬೈಗುಳಕ್ಕೆ ಸಿದ್ಧಳಾಗಿ ಹೋದೆ. ಅವರು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದರು.

"ತೋಟಕ್ಕೊಂದು ಬೇಲಿ ಆಗ್ಬೇಕಮ್ಮ. ಆಡು ನುಗ್ಗಿದ್ರೆ ಒಂದು ದಿನದ ಕೆಲಸ. ಕಮಿಟಿಯವರಿಗೆ ಸೈಕಲ್ಲಿಗೆ ಬೇರೆ ಕಡೆ ನೋಡ್ಕೊಳಿ ಅಂದಿದೀನಿ."

ಅದುವರೆಗೂ ಅವರ ಬಾಯಲ್ಲಿ ಅದು ಬೂದಿ ಜಾಗವೇ ಆಗಿತ್ತು. ನಾನು ಧನ್ಯವಾದ ಹೇಳುವುದನ್ನೂ ಮರೆತು ಹೊರಗೆ ಓಡಿದೆ.

ಹುಡುಗಿ ಮನೆಗೆ ಹೋಗಿರಲಿಲ್ಲ. ಮೆಣಸು ಸತ್ತ ಸಾಲಿನ ಪಕ್ಕದಲ್ಲಿ ಕೂತಿದ್ದಳು. ಜಾಗ ನಮಗೇ ಉಳಿಯಿತು ಎಂದು ಹೇಳಿದೆ. ನಿಜವಾಗ್ಲೂ ಮಿಸ್, ಸೈಕಲ್ ಬರಲ್ವಾ ಎಂದು ಎರಡು ಸಲ ಕೇಳಿದಳು. ಬರಲ್ಲ ಎಂದು ಎರಡು ಸಲ ಹೇಳಿದೆ. ಆಮೇಲೆ ಅವಳು ಲಂಗದ ಅಂಚಿನಲ್ಲಿ ಕಟ್ಟಿಕೊಂಡಿದ್ದ ಸಣ್ಣ ಗಂಟು ಬಿಚ್ಚಿದಳು. ಒಳಗೆ ಮೆಣಸಿನ ಬೀಜ, ಮನೆಯ ಒಣಮೆಣಸಿನಕಾಯಿ ಒಡೆದು ತೆಗೆದದ್ದು.

"ಆ ಭಾನುವಾರಾನೇ ತೆಗೆದು ಇಟ್ಕೊಂಡೆ ಮಿಸ್. ಜಾಗ ಇರತ್ತೋ ಇಲ್ವೋ ಅಂತ ಹಾಕಿರ್ಲಿಲ್ಲ. ಈಗ ಹಾಕ್ಲಾ?"

ಅಷ್ಟೂ ದಿನ ನಾನು ನೆಲದ ಮೇಲೆ ಕಾಲು ನಿಲ್ಲದೆ ಓಡಾಡಿದ್ದೆ. ಅವಳು ಬೀಜವನ್ನು ಲಂಗಕ್ಕೆ ಕಟ್ಟಿಕೊಂಡು, ಯಾರಿಗೂ ಹೇಳದೆ, ದಿನಾ ಬೆರಳಿಟ್ಟು ನೋಡುತ್ತ ಇದ್ದಳು. ಸೀರೆ ಎತ್ತಿ ಕಟ್ಟಿ ಅವಳ ಪಕ್ಕ ಕೂತೆ. ಸ್ಟೇಷನ್ ಕಡೆಯಿಂದ ರೈಲಿನ ಸಿಳ್ಳೆ ಕೇಳಿಸಿತು. ಹೋಗಲಿ ಎಂದು ಬಿಟ್ಟೆ. ಇಬ್ಬರೂ ಸಾಲು ಬಿಡಿಸಿದೆವು, ಬೀಜ ಉದುರಿಸಿದೆವು, ಮೇಲೆ ಮಣ್ಣು ಎಳೆದೆವು.

ಕೈ ಜಾಡಿಸಿಕೊಂಡು ಅಭ್ಯಾಸಬಲದಿಂದ ಡಬ್ಬಕ್ಕೆ ಕೈ ಹಾಕಿದೆ. ಅವಳು ಸಾಲಿನ ತುದಿಯಲ್ಲಿ ಬೆರಳು ಇಳಿಸಿ ನೋಡಿದಳು.

"ರಜ ಮಿಸ್," ಎಂದಳು.